ಬೀದಿ ಮೂಲೆಯ ಕಹಳೆ

ಎಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ವಿದ್ಯಾರ್ಥಿನಿಲಯವೊಂದರ ಕೊಠಡಿಯಲ್ಲಿ, ಗೆಳೆಯನೊಬ್ಬ ನನಗೊಂದು ಕ್ಯಾಸೆಟ್ ಕೊಟ್ಟಿದ್ದ. ಅದಕ್ಕೆ ಮುನ್ನ ಅವನಿಂದಲೇ ಪಡೆದ ‘ಕೈಂಡ್ ಆಫ್ ಬ್ಲೂ’ವನ್ನು ತಿಂಗಳುಗಟ್ಟಲೆ ಕೇಳಿ ಮರುಳಾಗಿದ್ದೆ. ಅದೇ ಕಲಾವಿದನ ಇನ್ನೊಂದು ಕೃತಿಯೆಂದರೆ ಅಂಥದೇ ಬೆಳದಿಂಗಳು ಎಂಬುದು ನನ್ನ ನಿರೀಕ್ಷೆ. ಗುಂಡಿ ಒತ್ತಿದೊಡನೆ ಕೇಳಿಬಂದದ್ದು ಮಾತ್ರ ಸಂತೆಯ ಗದ್ದಲ. ಆರಂಭವಿಲ್ಲ, ಪೀಠಿಕೆಯಿಲ್ಲ, ಯಾರೋ ಬಾಗಿಲು ದಬ್ಬಿ ನನ್ನನ್ನು ಜನಜಂಗುಳಿಯ ನಡುವೆ ತಳ್ಳಿದಂತೆ. ಒಂದು ಮಗ್ಗುಲು ಮುಗಿಯುವ ಮೊದಲೇ ನಿಲ್ಲಿಸಿ, ಮರುದಿನ ಹಿಂದಿರುಗಿಸಿದೆ. 1972ರಲ್ಲಿ ಅದು ಹೊರಬಂದಾಗ ಅಮೆರಿಕದ ಬಹುತೇಕ ಜಾಝ್ ವಿಮರ್ಶಕರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಆ ಕೃತಿಯ ಹೆಸರು ‘ಆನ್ ದಿ ಕಾರ್ನರ್’. ಕಲಾವಿದ ಮೈಲ್ಸ್ ಡೇವಿಸ್. 1926ರ ಮೇ 26ರಂದು ಇಲಿನಾಯ್ ರಾಜ್ಯದ ಆಲ್ಟನ್‌ನಲ್ಲಿ ಹುಟ್ಟಿದ ಆತನಿಗೆ 2026 ಜನ್ಮಶತಮಾನದ ವರ್ಷ. ಇಂಥ ಹೊತ್ತಿನಲ್ಲಿ ಎಲ್ಲರೂ ನೆನೆಯುವುದು ‘ಕೈಂಡ್ ಆಫ್ ಬ್ಲೂ’ವನ್ನು. ತಪ್ಪೇನಿಲ್ಲ. ಆದರೆ ಆ ಬಾಳಿನ ನಿಜವಾದ ಜೂಜು ನಡೆದದ್ದು ಬೀದಿ ಮೂಲೆಯ ಹೆಸರು ಹೊತ್ತ ಈ ಕೃತಿಯಲ್ಲಿ ಎಂಬುದು, ಬಹಳ ತಡವಾಗಿ, ನನಗೆ ಮನದಟ್ಟಾಗಿದೆ.

ಡೇವಿಸ್ ಬಡವರ ಮನೆಯ ಹುಡುಗನಲ್ಲ. ತಂದೆ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಹೆಸರಾಂತ ದಂತವೈದ್ಯ. ಊರಾಚೆ ಜಮೀನೂ ಇತ್ತು. ಆದರೆ ಅದು 1917ರಲ್ಲಿ ಕರಿಯರ ಮಾರಣಹೋಮ ಕಂಡಿದ್ದ ಊರು. ಆತ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲಿನ ಆ ನೆತ್ತರ ನೆನಪು ಹಿರಿಯರ ಮಾತಿನಲ್ಲಿ ಜೀವಂತವಾಗಿತ್ತು. ಹದಿಮೂರರ ವಯಸ್ಸಿಗೆ ತಂದೆ ಕೈಗಿತ್ತ ಟ್ರಂಪೆಟ್‌ಗೆ ಎಲ್ವುಡ್ ಬ್ಯೂಕನನ್ ಎಂಬ ಗುರು ದೊರೆತರು. ಸ್ವರವನ್ನು ನಡುಗಿಸದೆ, ನೇರವಾಗಿ ಹಿಡಿಯಬೇಕೆಂಬುದು ಆ ಗುರುವಿನ ಕಟ್ಟಪ್ಪಣೆ. ಶಿಷ್ಯ ಅದನ್ನು ಆಜನ್ಮ ಪಾಲಿಸಿದ. ಗಮಕಗಳಲ್ಲೇ ಸ್ವರದ ಜೀವ ಕಾಣುವ ನಮ್ಮ ಕಿವಿಗೆ ಆ ನೆಟ್ಟನೆಯ ನಾದ ಮೊದಮೊದಲು ಬರಡೆನಿಸಬಹುದು. ಕೇಳುತ್ತ ಹೋದಂತೆ, ಅದು ಅಳು ನುಂಗಿಕೊಂಡವನ ದನಿಯೆಂದು ತಿಳಿಯುತ್ತದೆ.

1944ರಲ್ಲಿ ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತ ಶಾಲೆ ಸೇರಿದ್ದು ನೆಪಕ್ಕೆ. ಹುಡುಕಿ ಹೋದದ್ದು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ನನ್ನು. ಮರುವರ್ಷ ಶಾಲೆ ಬಿಟ್ಟ, ಪಾರ್ಕರನ ತಂಡ ಸೇರಿದ. ಮುಂದಿನ ಹತ್ತು ವರ್ಷಗಳ ಏಳುಬೀಳುಗಳನ್ನು, ಹೆರಾಯಿನ್ ಚಟಕ್ಕೆ ಬಿದ್ದು ತಂದೆಯ ಜಮೀನಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅದನ್ನು ಬಿಡಿಸಿಕೊಂಡ ಕಥೆಯನ್ನು, ಇಲ್ಲಿ ವಿಸ್ತರಿಸುವುದಿಲ್ಲ. 1959ರ ಆಗಸ್ಟ್ 17ರಂದು ‘ಕೈಂಡ್ ಆಫ್ ಬ್ಲೂ’ ಬಿಡುಗಡೆಯಾಯಿತು. ಎಂಟೇ ದಿನಗಳ ನಂತರ, ಆಗಸ್ಟ್ 25ರ ರಾತ್ರಿ, ನ್ಯೂಯಾರ್ಕ್‌ನ ಬರ್ಡ್‌ಲ್ಯಾಂಡ್ ಸಂಗೀತಶಾಲೆಯ ಹೊರಗೆ ಬಿಳಿಯ ಮಹಿಳೆಯೊಬ್ಬಳನ್ನು ಟ್ಯಾಕ್ಸಿಗೆ ಹತ್ತಿಸಿ ನಿಂತಿದ್ದ ಡೇವಿಸ್‌ನನ್ನು ಅಲ್ಲಿಂದ ತೆರಳುವಂತೆ ಪೊಲೀಸನೊಬ್ಬ ಗದರಿಸಿದ. ಒಳಗೆ ತನ್ನದೇ ಕಛೇರಿ ನಡೆಯುತ್ತಿದೆಯೆಂದು ಹೇಳಿ ಆತ ಕದಲಲಿಲ್ಲ. ಲಾಠಿ ತಲೆ ಸೀಳಿತು. ಬಿಳಿಯ ಉಡುಪಿನ ಮೇಲೆ ರಕ್ತ ಸುರಿದಿರುವ ಆತನ ಛಾಯಾಚಿತ್ರ ಮರುದಿನದ ಪತ್ರಿಕೆಗಳಲ್ಲಿ ಬಂತು. ಆರೋಪಗಳು ಮುಂದೆ ಬಿದ್ದುಹೋದವು. ಜಗತ್ತಿನ ಅತ್ಯಂತ ಪ್ರಶಾಂತ ಸಂಗೀತಗಳಲ್ಲಿ ಒಂದೆನಿಸಿದ ಕೃತಿಯ ಕರ್ತೃವಿಗೆ ತನ್ನ ಊರಿನ ಫುಟ್‌ಪಾತಿನ ಮೇಲೆ ನಿಲ್ಲುವ ಹಕ್ಕಿರಲಿಲ್ಲ. ಈ ಕೃತಿಯ ಹೆಸರು ಓದಿದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಡೇವಿಸ್‌ಗೂ ನೆನಪಾಗಿತ್ತೋ ಏನೋ, ಇದು ನನ್ನ ಊಹೆ ಮಾತ್ರ.

ಅರವತ್ತರ ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ಕರಿಯ ಯುವಜನ ಜಾಝ್‌ನಿಂದ ದೂರ ಸರಿದಿದ್ದರು. ಅವರ ಕಿವಿಯಲ್ಲಿ ಜೇಮ್ಸ್ ಬ್ರೌನ್ ಇದ್ದ, ಸ್ಲೈ ಸ್ಟೋನ್ ಇದ್ದ. 1968ರಲ್ಲಿ ಡೇವಿಸ್‌ನ ಕೈಹಿಡಿದ ಗಾಯಕಿ ಬೆಟ್ಟಿ ಮೇಬ್ರಿ, ಆಗಿನ್ನೂ ಇಪ್ಪತ್ತರ ಹರೆಯದವಳು, ಗಂಡನಿಗೆ ಜಿಮಿ ಹೆಂಡ್ರಿಕ್ಸ್‌ನನ್ನೂ ಸ್ಲೈ ಸ್ಟೋನ್‌ನ ಸಂಗೀತವನ್ನೂ ಪರಿಚಯಿಸಿದಳು. ಸೂಟು ಬೂಟುಗಳು ಹೋದವು, ವಿದ್ಯುತ್ ವಾದ್ಯಗಳು ಬಂದವು. 1970ರ ‘ಬಿಚಸ್ ಬ್ರೂ’ ಲಕ್ಷಗಟ್ಟಲೆ ಮಾರಾಟವಾಯಿತು; ಇಂಗ್ಲೆಂಡಿನ ಐಲ್ ಆಫ್ ವೈಟ್ ಉತ್ಸವದಲ್ಲಿ ಲಕ್ಷಾಂತರ ಮಂದಿ ಆತನನ್ನು ಕೇಳಿದರು. ಇಷ್ಟಾದರೂ ಎದುರಿಗೆ ಕುಳಿತವರಲ್ಲಿ ಹೆಚ್ಚಿನವರು ಬಿಳಿಯರೇ. ತನ್ನ ಜನದ ಮಕ್ಕಳು ತನ್ನನ್ನು ಕೇಳುತ್ತಿಲ್ಲ ಎಂಬ ಕೊರಗು ನಲವತ್ತಾರರ ಆ ಶ್ರೀಮಂತ, ಪ್ರಖ್ಯಾತ ಕಲಾವಿದನನ್ನು ಹಿಡಿದು ಅಲ್ಲಾಡಿಸಿತು.

1972ರ ಜೂನ್ ಮತ್ತು ಜುಲೈನಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ಸ್ಟುಡಿಯೊದಲ್ಲಿ ನಡೆದದ್ದನ್ನು ಹೇಗೆ ವರ್ಣಿಸುವುದು? ಒಬ್ಬರಿಗಿಂತ ಹೆಚ್ಚು ಡ್ರಮ್ ವಾದಕರು, ಕಾಂಗಾ, ಮೂರು ಕೀಬೋರ್ಡ್‌ಗಳು, ಗಿಟಾರ್, ಬಾಸ್ ಕ್ಲಾರಿನೆಟ್. ಜೊತೆಗೆ ಸಿತಾರ್ ಮತ್ತು ತಬಲಾ. ಸಿತಾರ್ ನುಡಿಸಿದವರಲ್ಲಿ ಪಂಡಿತ್ ರವಿಶಂಕರ್ ಅವರ ಶಿಷ್ಯನಾಗಿದ್ದ ಅಮೆರಿಕದ ಕಾಲಿನ್ ವಾಲ್ಕಾಟ್ ಒಬ್ಬ. ತಬಲಾ ಬಾದಲ್ ರಾಯ್ ಅವರದು. ಅವಿಭಜಿತ ಬಂಗಾಳದ ಪೂರ್ವ ಭಾಗದಲ್ಲಿ 1939ರಲ್ಲಿ ಜನಿಸಿದ ಇವರು 1968ರಲ್ಲಿ ಅಮೆರಿಕಕ್ಕೆ ಹೋದದ್ದು ಸಂಖ್ಯಾಶಾಸ್ತ್ರ ಓದಲು. ಹೊಟ್ಟೆಪಾಡಿಗೆ ಭಾರತೀಯ ಉಪಾಹಾರ ಗೃಹಗಳಲ್ಲಿ ದುಡಿಯುತ್ತ, ಅಲ್ಲೇ ತಬಲಾ ನುಡಿಸುತ್ತಿದ್ದಾಗ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಕಣ್ಣಿಗೆ ಬಿದ್ದರು. ಡೇವಿಸ್ ಎಂಬ ದೊಡ್ಡ ಹೆಸರಿನ ಭಾರ ಅವರಿಗೆ ಅಷ್ಟಾಗಿ ತಿಳಿದಿರಲಿಲ್ಲ. ಮುಂದೆ ಸಂದರ್ಶನಗಳಲ್ಲಿ ಅವರು ನೆನೆದಂತೆ, ಸ್ಟುಡಿಯೊದಲ್ಲಿ ಡೇವಿಸ್ ಆರಂಭಿಸಲು ಹೇಳಿದ್ದು ಇವರಿಗೇ. ಯಾವ ರಾಗ, ಯಾವ ಲಯ, ಏನೂ ಸೂಚನೆಯಿಲ್ಲ. ತಮಗೆ ಬಲ್ಲ ಎಂಟು ಮಾತ್ರೆಗಳ ನಡೆಯೊಂದನ್ನು ರಾಯ್ ಹಿಡಿದರು. ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ತುಸುಹೊತ್ತು ಆಲಿಸಿ ಜೊತೆಗೂಡಿದ. ಬಳಿಕ ಉಳಿದವರೆಲ್ಲ ಮುಗಿಬಿದ್ದರು.

ಫಂಕ್ ಎಂಬ ಸಂಗೀತದ ಗುಟ್ಟನ್ನು ನಮ್ಮ ಭಾಷೆಯಲ್ಲಿ ಹೇಳುವುದು ಕಷ್ಟವಲ್ಲ. ಎಲ್ಲವೂ ಆವರ್ತದ ಮೊದಲ ಪೆಟ್ಟಿಗೆ, ಅಂದರೆ ಸಮಕ್ಕೆ, ಋಣಿ. ಉಳಿದ ಪೆಟ್ಟುಗಳು ಎಷ್ಟೇ ಓಲಾಡಲಿ, ತಪ್ಪಿಸಿಕೊಳ್ಳಲಿ, ಸಮದಲ್ಲಿ ಎಲ್ಲರೂ ಮನೆಗೆ ಬರಬೇಕು. ಧಾರವಾಡ, ಹುಬ್ಬಳ್ಳಿಗಳಲ್ಲಿ ತಬಲಾ ಸೋಲೊ ಕೇಳಿದವರಿಗೆ ಲೆಹರಾ ಗೊತ್ತು. ಹಾರ್ಮೋನಿಯಂ ಒಂದೇ ಸಾಲನ್ನು ಮರಳಿ ಮರಳಿ ನುಡಿಸುತ್ತಿರುತ್ತದೆ, ತಬಲಾ ಆ ಗೂಟಕ್ಕೆ ಕಟ್ಟಿದ ಕರುವಿನಂತೆ ಎಲ್ಲೆಲ್ಲೋ ಜಿಗಿದು ಹಿಂದಿರುಗುತ್ತದೆ. ‘ಆನ್ ದಿ ಕಾರ್ನರ್’ನಲ್ಲಿ ಲೆಹರಾ ಹಿಡಿದವನು ಬಾಸ್ ಗಿಟಾರ್‌ನ ಮೈಕೆಲ್ ಹೆಂಡರ್ಸನ್. ಸ್ಟೀವಿ ವಂಡರ್‌ನ ತಂಡದಿಂದ ಬಂದ ಈ ಯುವಕ ಜಾಝ್ ಓದಿದವನಲ್ಲ. ಡೇವಿಸ್‌ಗೆ ಬೇಕಾಗಿದ್ದುದೇ ಅದು. ನಿಮಿಷಗಟ್ಟಲೆ ಅದೇ ಕೆಲವು ಸ್ವರಗಳು. ‘ಬ್ಲ್ಯಾಕ್ ಸ್ಯಾಟಿನ್’ ಎಂಬ ರಚನೆಯಲ್ಲಿ ಕೇಳಿದ ಹಂದರವೇ ಎರಡನೆಯ ಮಗ್ಗುಲಿನ ಉದ್ದಕ್ಕೂ ಹೊಸ ವೇಷ ತೊಟ್ಟು ಮರಳುತ್ತದೆ. ಮೊದಲ ಸಲ ಇದನ್ನು ನಾನು ಬಡತನವೆಂದು ತಿಳಿದಿದ್ದೆ. ಕೇಳಬೇಕಾದ ಜಾಗವೇ ಬೇರೆ ಎಂದು ಅರಿವಾಗಲು ವರ್ಷಗಳು ಹಿಡಿದವು. ರಾಗದ ಬೆನ್ನು ಹತ್ತಿದವನಿಗೆ ಇಲ್ಲಿ ಏನೂ ಸಿಗುವುದಿಲ್ಲ. ಬಾಸ್‌ನ ಪಕ್ಕದಲ್ಲಿ ಬೀದಿ ಬದಿಯ ಕಟ್ಟೆಯ ಮೇಲೆ ಕುಳಿತಂತೆ ಕುಳಿತರೆ, ಎದುರಿಗೆ ಸಂತೆ ತಾನಾಗಿ ಸಾಗುತ್ತದೆ: ಚಪ್ಪಾಳೆ, ಶಿಳ್ಳೆ, ಗೆಜ್ಜೆಯಂಥ ಸದ್ದು, ತಬಲಾದ ಗುಮುಕು. ನಡುವೆ ಟ್ರಂಪೆಟ್. ವಾ-ವಾ ಪೆಡಲ್ ತುಳಿದು ಡೇವಿಸ್ ಅದರ ದನಿಯನ್ನೇ ಗಿಟಾರಿನಂತೆ ತಿರುಚಿದ್ದಾನೆ; ಎಷ್ಟೋ ಕಡೆ ಆತ ಇದ್ದಾನೆಂಬುದೇ ತಿಳಿಯುವುದಿಲ್ಲ. ಜಗತ್ತಿನ ಅತಿ ಪ್ರಸಿದ್ಧ ಟ್ರಂಪೆಟ್ ವಾದಕ ತನ್ನದೇ ಕೃತಿಯಲ್ಲಿ ಗುಂಪಿನೊಳಗೊಬ್ಬನಾಗಿ ಕರಗಿದ. ಇದು ಸಣ್ಣ ತ್ಯಾಗವಲ್ಲ.

ಲಂಡನ್ನಿನಿಂದ ಬಂದು ಡೇವಿಸ್‌ನ ಮನೆಯಲ್ಲೇ ತಂಗಿದ್ದ ಪಾಲ್ ಬಕ್‌ಮಾಸ್ಟರ್ ಆತನಿಗೆ ಜರ್ಮನಿಯ ಸಂಯೋಜಕ ಸ್ಟಾಕ್‌ಹೌಸನ್‌ನ ಪ್ರಯೋಗಗಳನ್ನು ಕೇಳಿಸಿದ್ದ. ನಿರ್ಮಾಪಕ ಟಿಯೊ ಮಸೆರೊ ಧ್ವನಿಪಟ್ಟಿಗಳನ್ನು ಕತ್ತರಿಸಿ ಅಂಟಿಸಿ ಕೃತಿಗೆ ಅಂತಿಮ ರೂಪ ಕೊಟ್ಟ. ನಡುವಿನಿಂದಲೇ ಆರಂಭವಾಗುವ ಆ ಆರಂಭ ಕತ್ತರಿಯ ಫಲ.

ಅಕ್ಟೋಬರ್‌ನಲ್ಲಿ ಅದು ಹೊರಬಂತು. ಹೊದಿಕೆಯ ಮೇಲೆ ಕಾರ್ಕಿ ಮೆಕಾಯ್ ಬಿಡಿಸಿದ ಬೀದಿಯ ವ್ಯಂಗ್ಯಚಿತ್ರ. ನುಡಿಸಿದವರ ಹೆಸರುಗಳು ಎಲ್ಲೂ ಇರಲಿಲ್ಲ. ವಿಮರ್ಶಕರು ಸಿಟ್ಟಿಗೆದ್ದರು. ಅದನ್ನು ಆತ ಎದುರು ನೋಡಿದ್ದನೆಂದೇ ತೋರುತ್ತದೆ. ಆದರೆ ಯಾರಿಗಾಗಿ ಇದೆಲ್ಲವೋ ಆ ಬೀದಿ ಮೂಲೆಯ ಹುಡುಗರೂ ಕೊಳ್ಳಲಿಲ್ಲ. ಕಂಪೆನಿ ತನ್ನ ಕೃತಿಯನ್ನು ಹಳೆಯ ಜಾಝ್ ಕೇಳುಗರ ಮುಂದೆಯೇ ಇಟ್ಟಿತೆಂದು ಡೇವಿಸ್ ಕಡೆಯವರೆಗೂ ದೂರಿದ. ದೂರಿನಲ್ಲಿ ಹುರುಳಿದೆ, ಪೂರ್ತಿ ಇಲ್ಲ. ಕುಣಿಯಬಂದವನ ಕಾಲನ್ನು ಈ ಸಂಗೀತ ಅಲ್ಲಲ್ಲಿ ತೊಡರಿಸುತ್ತದೆ. ಆತ ಜನಪ್ರಿಯ ಸಂಗೀತ ಮಾಡಹೊರಟು, ತನ್ನ ಸ್ವಭಾವಕ್ಕೆ ಶರಣಾಗಿ, ಮಾಡಿದವುಗಳಲ್ಲೇ ಅತಿ ಕಠಿಣವಾದುದನ್ನು ಮಾಡಿಬಿಟ್ಟ. ಮರುವರ್ಷವೇ ಹರ್ಬಿ ಹ್ಯಾನ್‌ಕಾಕ್ ‘ಹೆಡ್ ಹಂಟರ್ಸ್’ ತಂದ. ಅದೇ ಫಂಕ್, ಅದೇ ಪಟ್ಟು ಹಿಡಿದ ಬಾಸ್, ಬಾಸ್ ಕ್ಲಾರಿನೆಟ್‌ನ ಬೆನ್ನಿ ಮಾಪಿನ್ ಕೂಡ ಅಲ್ಲಿದ್ದ. ಆದರೆ ಗುನುಗಬಲ್ಲ ಧಾಟಿಗಳಿದ್ದವು, ಒಳಬರಲು ಬಾಗಿಲಿತ್ತು. ಹತ್ತು ಲಕ್ಷ ಪ್ರತಿಗಳನ್ನು ದಾಟಿದ ಆ ಕೃತಿ ಗುರುವಿಗೆ ಸಿಗದ ಬೀದಿಯನ್ನು ಶಿಷ್ಯನಿಗೆ ಗೆದ್ದುಕೊಟ್ಟಿತು.

ಮುಂದಿನದು ಕತ್ತಲು. ಅದೇ ಅಕ್ಟೋಬರ್‌ನಲ್ಲಿ ಕಾರು ಅಪಘಾತದಲ್ಲಿ ಡೇವಿಸ್‌ನ ಎರಡೂ ಕಣಕಾಲುಗಳು ಮುರಿದವು. ಸೊಂಟದ ನೋವು, ರಕ್ತದ ಕಾಯಿಲೆ, ಕೊಕೇನ್. 1975ರಲ್ಲಿ ಟ್ರಂಪೆಟ್ ಕೆಳಗಿಟ್ಟವನು ಸುಮಾರು ಐದು ವರ್ಷ, ನ್ಯೂಯಾರ್ಕ್‌ನ ಪಶ್ಚಿಮ 77ನೇ ಬೀದಿಯ ಮನೆಯಲ್ಲಿ, ಹೊರಜಗತ್ತಿಗೆ ಬೆನ್ನು ತಿರುಗಿಸಿ ಕುಳಿತ. ಆತನನ್ನು ಮೆಚ್ಚುವವರು ಇನ್ನೊಂದನ್ನೂ ಮುಚ್ಚಿಡಬಾರದು. ತನ್ನ ಬಾಳಿಗೆ ಬಂದ ಹೆಣ್ಣುಗಳನ್ನು ಹೊಡೆಯುತ್ತಿದ್ದುದನ್ನು 1989ರ ಆತ್ಮಕಥೆಯಲ್ಲಿ ಆತನೇ ಒಪ್ಪಿಕೊಂಡಿದ್ದಾನೆ. ಮೊದಲ ಪತ್ನಿ ಫ್ರಾನ್ಸಿಸ್ ಟೇಲರ್ ಅಂಜಿ ಮನೆಬಿಟ್ಟು ಹೋದವಳು. ಪೊಲೀಸನ ಲಾಠಿಯನ್ನು ಮರೆಯದಿದ್ದವನು ತನ್ನ ಕೈಯನ್ನು ಹಿಡಿದುಕೊಳ್ಳಲಿಲ್ಲ. ಸಂಗೀತ ಇದಕ್ಕೆ ಪರಿಹಾರವೆಂದು ನಾನು ತಿಳಿದಿಲ್ಲ.

1981ರಲ್ಲಿ ಮರಳಿದ, ದುಡಿದ, ಚಿತ್ರ ಬರೆದ. 1991ರ ಸೆಪ್ಟೆಂಬರ್ 28ರಂದು ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡ. 2014ರಲ್ಲಿ ನ್ಯೂಯಾರ್ಕ್ ನಗರ 77ನೇ ಬೀದಿಯ ಆ ತುಂಡಿಗೆ ಆತನ ಹೆಸರಿಟ್ಟಿತು. ಅಷ್ಟರಲ್ಲಿ ಬೀದಿಯೂ ಆತನ ಬಳಿಗೆ ಬಂದಿತ್ತು. ಹಿಪ್-ಹಾಪ್ ಮತ್ತು ಎಲೆಕ್ಟ್ರಾನಿಕ್ ಸಂಗೀತದಲ್ಲಿ ಬೆಳೆದ ಪೀಳಿಗೆ, ಒಂದೇ ತುಣುಕನ್ನು ಸುತ್ತಿ ಸುತ್ತಿ ಕಟ್ಟುವ ತಮ್ಮ ಕಸುಬಿನ ಹಿರಿಯನನ್ನು ಆ ತಿರಸ್ಕೃತ ಕೃತಿಯಲ್ಲಿ ಗುರುತಿಸಿತು. 2007ರಲ್ಲಿ ಆ ದಿನಗಳ ಧ್ವನಿಮುದ್ರಣಗಳು ಆರು ಅಡಕಮುದ್ರಿಕೆಗಳ ಸಂಪುಟವಾಗಿ ಬಂದಾಗ ನಾನೂ ಒಂದನ್ನು ಕೊಂಡೆ. ಹಾಸ್ಟೆಲಿನ ಗೆಳೆಯನಿಗೆ ಕ್ಷಮೆ ಕೇಳುವ ಪರಿಯೆಂದು ಭಾವಿಸಿ.

ಬಾದಲ್ ರಾಯ್ 2022ರ ಜನವರಿಯಲ್ಲಿ ಕೋವಿಡ್‌ಗೆ ಬಲಿಯಾದರೆಂಬ ಸುದ್ದಿ ಬಂದ ವಾರ, ಧಾರವಾಡದಲ್ಲಿ ತಬಲಾ ಕಲಿಸುವ ಹಿರಿಯರೊಬ್ಬರ ಮನೆಯಲ್ಲಿ ‘ಬ್ಲ್ಯಾಕ್ ಸ್ಯಾಟಿನ್’ ಹಾಕಿದೆ. ಜಾಝ್ ಎಂದರೆ ಅವರಿಗೆ ಅಷ್ಟಕ್ಕಷ್ಟೆ. ಮುಖ ಗಂಟಿಕ್ಕಿ ಕೇಳುತ್ತಿದ್ದವರ ಬೆರಳುಗಳು ಸ್ವಲ್ಪ ಹೊತ್ತಿನಲ್ಲೇ ತೊಡೆಯ ಮೇಲೆ ಮಾತ್ರೆ ಎಣಿಸತೊಡಗಿದವು. ಮುಗಿದ ಮೇಲೆ, ಆ ಹುಡುಗ ಎಲ್ಲಿ ಕಲಿತವನೆಂದು ಕೇಳಿದರು. ಆ ಹುಡುಗ ತೀರಿಕೊಂಡದ್ದು ಎಂಬತ್ತೆರಡನೆಯ ವಯಸ್ಸಿನಲ್ಲಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೂರ್ತಿ ಕೃತಿಯನ್ನು ಮೊದಲಿನಿಂದ ಹಾಕಲು ಹೇಳಿದರು. ಹಾಕಿದೆ. ಮೊದಲ ಸದ್ದು ಕೇಳಿದೊಡನೆ ಕೈಯೆತ್ತಿ ತಡೆದರು. ಶುರುವಿನ ಭಾಗ ಬಿಟ್ಟುಹೋಗಿದೆ, ಸರಿಯಾಗಿ ಹಾಕು ಎಂಬುದು ಅವರ ತಕರಾರು.