ಇಂಡೋನೇಷ್ಯಾದ ವಿಮೋಚಕ ಮುಹಮ್ಮದ್ ಹಟ್ಟಾ

ಇಪ್ಪತ್ತನೆಯ ಶತಮಾನ ಆರಂಭವಾದಾಗ ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಬಹುಭಾಗ ಯುರೋಪಿನ ಕೆಲವೇ ರಾಷ್ಟ್ರಗಳ ಕೈಯಲ್ಲಿತ್ತು. ಭಾರತವನ್ನು ಬ್ರಿಟಿಷರು, ಅಲ್ಜೀರಿಯಾ ಮತ್ತು ವಿಯೆಟ್ನಾಂಗಳನ್ನು ಫ್ರೆಂಚರು, ಇಂಡೋನೇಷ್ಯಾದ ಸಾವಿರಾರು ದ್ವೀಪಗಳನ್ನು ಡಚ್ಚರು ಆಳುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಇಪ್ಪತ್ತು ವರ್ಷಗಳೊಳಗೆ ಈ ಸಾಮ್ರಾಜ್ಯಗಳಲ್ಲಿ ಹೆಚ್ಚಿನವು ಕುಸಿದುಬಿದ್ದವು. ಯುದ್ಧದಿಂದಲೇ ಇದೆಲ್ಲ ಆಯಿತೆಂದು ಹೇಳುವುದು ವಾಡಿಕೆ. ಆದರೆ ಅದು ಅರ್ಧ ಸತ್ಯ ಮಾತ್ರ. ಯುದ್ಧ ಬಾಗಿಲು ಒಡೆದಾಗ ಒಳಗೆ ಹೋಗಿ ಮನೆಯ ಜವಾಬ್ದಾರಿ ಹೊರಬಲ್ಲ ಜನ ಮೊದಲೇ ತಯಾರಾಗಿರಬೇಕಿತ್ತು. ಇಂಡೋನೇಷ್ಯಾದಲ್ಲಿ ಅಂಥ ಜನರನ್ನು ತಯಾರು ಮಾಡಿದವರಲ್ಲಿ ಮುಹಮ್ಮದ್ ಹಟ್ಟಾ ಅಗ್ರಗಣ್ಯರು. ಜಕಾರ್ತಾದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಸುಕರ್ಣೋ ಅವರ ಜೊತೆಗೆ ಇವರ ಹೆಸರನ್ನೂ ಇಡಲಾಗಿದೆ.

ಹಟ್ಟಾ ಅವರು 1902ರ ಆಗಸ್ಟ್ 12ರಂದು ಪಶ್ಚಿಮ ಸುಮಾತ್ರಾದ ಬುಕಿಟ್‌ಟಿಂಗಿ ಎಂಬ ಊರಿನಲ್ಲಿ ಜನಿಸಿದರು. ತಂದೆಯ ಕಡೆಯ ಅಜ್ಜ ಹೆಸರಾಂತ ಸೂಫಿ ಗುರು. ತಾಯಿಯ ಕಡೆಯವರು ವ್ಯಾಪಾರಿಗಳು. ಹಸುಗೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡ ಈ ಬಾಲಕ ತಾಯಿಯ ಮನೆಯಲ್ಲಿ ಬೆಳೆದ. ಡಚ್ ಶಾಲೆಯ ಪಾಠದ ಜೊತೆಗೆ ಕುರ್‌ಆನ್ ಅಧ್ಯಯನವೂ ಸಾಗಿತು. ದೀನೀ ಶಿಕ್ಷಣ ಮತ್ತು ಲೌಕಿಕ ಶಿಕ್ಷಣಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಆ ಮನೆಯಲ್ಲಿ ಏಳಲಿಲ್ಲ.

ಆಗ ಇಂಡೋನೇಷ್ಯಾದಲ್ಲಿ ಶಿಕ್ಷಣ ಕೆಲವೇ ಜನರ ಸೊತ್ತಾಗಿತ್ತು. ಡಚ್ ಕಂಪನಿ 1602ರಲ್ಲಿ ಸ್ಥಾಪನೆಯಾಗಿ, ಮುನ್ನೂರು ವರ್ಷಗಳ ಕಾಲ ಅಲ್ಲಿಂದ ಸಾಂಬಾರ ಪದಾರ್ಥ, ಸಕ್ಕರೆ, ಕಾಫಿ, ರಬ್ಬರ್ ಹೊರಗೆ ಹೋದರೂ, 1930ರ ಜನಗಣತಿಯ ವೇಳೆಗೆ ಆರು ಕೋಟಿ ಜನಸಂಖ್ಯೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಏಳೆಂಟು ಮಂದಿ ಮಾತ್ರ. ಹಟ್ಟಾ ಅವರಿಗೆ ಉನ್ನತ ವ್ಯಾಸಂಗದ ಅವಕಾಶ ದೊರೆತದ್ದು ಒಂದು ಭಾಗ್ಯವೇ ಸರಿ. ಅವರು 1921ರಲ್ಲಿ ಹಾಲೆಂಡಿನ ರಾಟರ್‌ಡ್ಯಾಂಗೆ ಹೋಗಿ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಓದಿದರು. ಹನ್ನೊಂದು ವರ್ಷ ಅಲ್ಲಿಯೇ ಇದ್ದರು. ತಮ್ಮನ್ನು ಆಳುವವರ ಭಾಷೆ, ಕಾನೂನು, ಲೆಕ್ಕಪತ್ರಗಳನ್ನು ಅವರದೇ ನೆಲದಲ್ಲಿ ಕೂತು ಕಲಿತರು.

ಹಾಲೆಂಡಿನಲ್ಲಿದ್ದ ವಿದ್ಯಾರ್ಥಿಗಳ ಸಂಘಕ್ಕೆ ಅವರು 1926ರಲ್ಲಿ ಅಧ್ಯಕ್ಷರಾದರು. ಡಚ್ಚರು ಇಟ್ಟ ಹೆಸರನ್ನು ಬಿಟ್ಟು ತಮ್ಮ ನಾಡನ್ನು ಇಂಡೋನೇಷ್ಯಾ ಎಂದು ಕರೆದುಕೊಂಡವರಲ್ಲಿ ಈ ವಿದ್ಯಾರ್ಥಿಗಳು ಮೊದಲಿಗರು. ನೂರಾರು ಭಾಷೆಗಳ, ಸಾವಿರಾರು ದ್ವೀಪಗಳ ಜನರಿಗೆ ನಾವೆಲ್ಲ ಒಂದೇ ರಾಷ್ಟ್ರ ಎಂಬ ಭಾವನೆ ಬಂದದ್ದು ಹೀಗೆ. 1927ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ವಸಾಹತುಶಾಹಿ ವಿರೋಧಿ ಸಮ್ಮೇಳನದಲ್ಲಿ ಜವಾಹರಲಾಲ್ ನೆಹರೂ ಅವರ ಪರಿಚಯವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡಚ್ ಪೊಲೀಸರು ಹಟ್ಟಾ ಮತ್ತು ಮೂವರು ಸಂಗಡಿಗರನ್ನು ಬಂಧಿಸಿದರು. ಐದು ತಿಂಗಳಿಗೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದ ನಂತರ 1928ರ ಮಾರ್ಚ್‌ನಲ್ಲಿ ಹೇಗ್ ನಗರದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಹಟ್ಟಾ ಅವರು ಆರೋಪಿಯ ಕಟಕಟೆಯಿಂದಲೇ ಡಚ್ ಆಳ್ವಿಕೆಯ ಅನ್ಯಾಯವನ್ನು ಸುದೀರ್ಘವಾಗಿ ವಿವರಿಸಿದರು. ನಾಲ್ವರೂ ಬಿಡುಗಡೆಯಾದರು.

1932ರಲ್ಲಿ ಪದವಿ ಪಡೆದು ಸ್ವದೇಶಕ್ಕೆ ಮರಳಿದ ಹಟ್ಟಾ ಅವರು ಗೆಳೆಯ ಸುತನ್ ಶಹ್ರೀರ್ ಜೊತೆಗೂಡಿ ಕಟ್ಟಿದ ಸಂಘಟನೆಯ ಹೆಸರಿನಲ್ಲೇ ಶಿಕ್ಷಣ ಎಂಬ ಪದವಿತ್ತು. ಸುಕರ್ಣೋ ದೊಡ್ಡ ಸಭೆಗಳಲ್ಲಿ ಜನಸ್ತೋಮವನ್ನು ಹುರಿದುಂಬಿಸುವ ವಾಗ್ಮಿ. ಹಟ್ಟಾ ಅವರ ದಾರಿ ಬೇರೆ. ನಾಯಕನೊಬ್ಬ ಜೈಲು ಸೇರಿದರೆ ಚಳವಳಿಯೇ ನಿಂತುಹೋಗಬಾರದು, ಅವನ ಜಾಗಕ್ಕೆ ನೂರು ಜನ ಬರಬೇಕು ಎಂಬುದು ಅವರ ನಿಲುವು. ಆದ್ದರಿಂದ ಸಣ್ಣ ಸಣ್ಣ ಗುಂಪುಗಳಲ್ಲಿ ಯುವಕರಿಗೆ ಇತಿಹಾಸ, ಅರ್ಥಶಾಸ್ತ್ರ, ರಾಜಕೀಯ ಕಲಿಸಿದರು. ಡಚ್ಚರಿಗೆ ಈ ಮೌನದ ಕೆಲಸವೂ ಅಪಾಯಕಾರಿಯಾಗಿ ಕಂಡಿತು. 1934ರ ಫೆಬ್ರವರಿಯಲ್ಲಿ ಮತ್ತೆ ಬಂಧನವಾಯಿತು.

ಮರುವರ್ಷ ಅವರನ್ನು ನ್ಯೂಗಿನಿಯಾದ ದಟ್ಟ ಕಾಡಿನ ಡಿಗುಲ್ ಶಿಬಿರಕ್ಕೆ ಸಾಗಿಸಲಾಯಿತು. ಮಲೇರಿಯಾಕ್ಕೆ ಕುಖ್ಯಾತವಾದ ಜಾಗ ಅದು. ಹಟ್ಟಾ ಅವರು ಕೊಂಡೊಯ್ದದ್ದು ಹದಿನಾರು ಪೆಟ್ಟಿಗೆ ಪುಸ್ತಕಗಳನ್ನು! ಸರಕಾರದ ಕೆಲಸ ಮಾಡಿದರೆ ದಿನಗೂಲಿ ಕೊಡುತ್ತೇವೆ ಎಂಬ ಆಮಿಷವನ್ನು ತಿರಸ್ಕರಿಸಿ, ಪತ್ರಿಕೆಗಳಿಗೆ ಲೇಖನ ಬರೆದು ಬಂದ ಹಣದಲ್ಲಿ ಬದುಕಿದರು. ಜೊತೆಯ ಕೈದಿಗಳಿಗೆ ಪಾಠ ಹೇಳಿದರು. 1936ರಲ್ಲಿ ಬಾಂದಾ ದ್ವೀಪಕ್ಕೆ ವರ್ಗವಾಯಿತು. ಜಾಯಿಕಾಯಿಯ ಆಸೆಗಾಗಿ ಡಚ್ಚರು 1621ರಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಸಾಮೂಹಿಕವಾಗಿ ಕೊಂದಿದ್ದರು. ಅದೇ ನೆಲದಲ್ಲಿ ಹಟ್ಟಾ ಮತ್ತು ಶಹ್ರೀರ್ ಆರು ವರ್ಷ ಊರಿನ ಮಕ್ಕಳಿಗೆ ಓದು ಕಲಿಸಿದರು.

ಇತ್ತ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತ್ತು. 1940ರ ಮೇ ತಿಂಗಳಿನಲ್ಲಿ ಜರ್ಮನಿಯ ದಾಳಿಗೆ ಹಾಲೆಂಡ್ ಐದೇ ದಿನಗಳಲ್ಲಿ ಶರಣಾಯಿತು. ರಾಣಿ ಲಂಡನ್ನಿಗೆ ಹೊರಟುಹೋದರು. 1942ರ ಮಾರ್ಚ್ 8ರಂದು ಜಾವಾದಲ್ಲಿ ಡಚ್ ಸೇನೆ ಜಪಾನೀಯರಿಗೆ ಶರಣಾಯಿತು. ಬಿಳಿಯರು ಅಜೇಯರು ಎಂಬ ನಂಬಿಕೆ ಅಂದೇ ಸತ್ತಿತು.

ಆದರೆ ಹೊಸ ಧಣಿಗಳು ಹಳಬರಿಗಿಂತ ಕ್ರೂರಿಗಳಾಗಿದ್ದರು. ಲಕ್ಷಾಂತರ ಜನರನ್ನು ಬಲವಂತದ ದುಡಿಮೆಗೆ ಎಳೆದೊಯ್ದರು, ರೈತರ ಅಕ್ಕಿ ಕಿತ್ತುಕೊಂಡರು. ಹಟ್ಟಾ ಅವರು ಜಪಾನಿನ ವಿಸ್ತರಣಾ ನೀತಿಯ ವಿರುದ್ಧ 1933ರಲ್ಲೇ ಬರೆದಿದ್ದವರು. ಆದರೂ ಸುಕರ್ಣೋ ಜೊತೆ ಜಪಾನಿ ಆಡಳಿತದೊಂದಿಗೆ ಸಹಕರಿಸಲು ಒಪ್ಪಿದರು. ಸಂಘಟನೆಗೆ ಸಿಕ್ಕ ಅವಕಾಶ ಬಿಡಬಾರದೆಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ಇದರ ನೈತಿಕತೆಯ ಬಗ್ಗೆ ಟೀಕೆಗಳಿವೆ, ಅವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಆ ಮೂರೂವರೆ ವರ್ಷಗಳಲ್ಲಿ ಇಂಡೋನೇಷ್ಯಾದ ಭಾಷೆ ಕಚೇರಿ ಶಾಲೆಗಳಿಗೆ ಬಂತು, ಸಾವಿರಾರು ಯುವಕರು ಬಂದೂಕು ಹಿಡಿಯಲು ಕಲಿತರು ಎಂಬುದೂ ನಿಜ.

1945ರ ಆಗಸ್ಟ್ 15ರಂದು ಜಪಾನ್ ಸೋಲೊಪ್ಪಿತು. ಡಚ್ಚರು ಇನ್ನೂ ಮರಳಿ ಬಂದಿರಲಿಲ್ಲ. ಅದು ಪವಿತ್ರ ರಮಝಾನ್ ತಿಂಗಳು. 16ರ ರಾತ್ರಿಯಿಡೀ ಕುಳಿತು ಘೋಷಣೆಯ ಕರಡು ಸಿದ್ಧಪಡಿಸಿ, ಸಹರಿ ಮುಗಿಸಿ, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಸುಕರ್ಣೋ ಮತ್ತು ಹಟ್ಟಾ ಜಕಾರ್ತಾದಲ್ಲಿ ಸ್ವಾತಂತ್ರ್ಯ ಸಾರಿದರು. ಮರುದಿನ ಹಟ್ಟಾ ಉಪಾಧ್ಯಕ್ಷರಾದರು. ಅಂದು ಬೆಳಿಗ್ಗೆಯೇ ಅವರು ಒಂದು ಕಠಿಣ ಕೆಲಸ ಮಾಡಬೇಕಾಯಿತು. ಸಂವಿಧಾನದ ಪೀಠಿಕೆಯಲ್ಲಿ ಮುಸ್ಲಿಮರು ಶರೀಅತ್ ಪಾಲಿಸಬೇಕೆಂಬ ಮಾತಿತ್ತು. ಅದು ಉಳಿದರೆ ಪೂರ್ವ ದ್ವೀಪಗಳ ಕ್ರೈಸ್ತರು ಹೊರಗುಳಿಯುವ ಆತಂಕವಿತ್ತು. ಹಟ್ಟಾ ಅವರು ಮುಸ್ಲಿಂ ನಾಯಕರೊಡನೆ ಮಾತುಕತೆ ನಡೆಸಿ, ಅದರ ಬದಲು ಏಕದೇವನಲ್ಲಿ ವಿಶ್ವಾಸ ಎಂಬ ತತ್ವಕ್ಕೆ ಒಪ್ಪಿಸಿದರು. ದೇಶ ಒಡೆಯಲಿಲ್ಲ.

ಡಚ್ಚರು ಸುಮ್ಮನಿರಲಿಲ್ಲ. ಮೊದಲು ಬ್ರಿಟಿಷರ ನೆರವಿನಿಂದ, ಬಳಿಕ ಸ್ವಂತ ಸೇನೆಯಿಂದ ನಾಡನ್ನು ಮರಳಿ ಪಡೆಯಲು ಯತ್ನಿಸಿದರು. 1945ರ ನವೆಂಬರ್‌ನ ಸುರಬಾಯಾ ಕದನಕ್ಕೆ ಬ್ರಿಟಿಷರು ಕಳುಹಿಸಿದ್ದು ಭಾರತೀಯ ಸೈನಿಕರನ್ನು. ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ಪದಾತಿದಳದವರೂ ಅವರಲ್ಲಿದ್ದರು. ಕೆಲವು ಭಾರತೀಯ ಸೈನಿಕರು ಇಂಡೋನೇಷ್ಯಾದ ಪಕ್ಷ ಸೇರಿಬಿಟ್ಟರು. ಆಗ ಪ್ರಧಾನಿಯೂ ಆಗಿದ್ದ ಹಟ್ಟಾ ಅವರನ್ನು 1948ರ ಡಿಸೆಂಬರ್ 19ರಂದು ಡಚ್ಚರು ಯೋಗ್ಯಕರ್ತಾದಲ್ಲಿ ಸೆರೆಹಿಡಿದರು. ಆದರೆ ಕಾಲ ಬದಲಾಗಿತ್ತು. 1949ರ ಜನವರಿಯಲ್ಲಿ ನೆಹರೂ ಅವರು ದೆಹಲಿಯಲ್ಲಿ ಏಷ್ಯಾದ ರಾಷ್ಟ್ರಗಳ ಸಮ್ಮೇಳನ ಕರೆದು ಇದನ್ನು ಖಂಡಿಸಿದರು. ಯುದ್ಧದಿಂದ ಜರ್ಜರಿತವಾಗಿದ್ದ ಹಾಲೆಂಡ್ ಅಮೆರಿಕದ ಹಣಕಾಸಿನ ನೆರವನ್ನೇ ನೆಚ್ಚಿಕೊಂಡಿತ್ತು. ಆ ನೆರವು ನಿಂತೀತೆಂಬ ಭಯ ಡಚ್ಚರನ್ನು ಬಗ್ಗಿಸಿತು.

ಇಪ್ಪತ್ತೊಂದು ವರ್ಷಗಳ ಹಿಂದೆ ಆರೋಪಿಯಾಗಿ ನಿಂತಿದ್ದ ಹೇಗ್ ನಗರಕ್ಕೆ ಹಟ್ಟಾ ಅವರು ತಮ್ಮ ದೇಶದ ನಿಯೋಗದ ಮುಖ್ಯಸ್ಥರಾಗಿ ಹೋದರು. ಅಲ್ಲಿನ ದುಂಡುಮೇಜಿನ ಪರಿಷತ್ತಿನಲ್ಲಿ ಡಚ್ ಆಡಳಿತದ ಸಾಲದ ಭಾರವನ್ನು ಹೊರಬೇಕಾಯಿತು, ಪಶ್ಚಿಮ ನ್ಯೂಗಿನಿಯಾದ ಪ್ರಶ್ನೆ ಬಾಕಿ ಉಳಿಯಿತು. ಆದರೂ 1949ರ ಡಿಸೆಂಬರ್ 27ರಂದು ಆಮ್‌ಸ್ಟರ್‌ಡ್ಯಾಂ ಅರಮನೆಯಲ್ಲಿ ರಾಣಿ ಜೂಲಿಯಾನಾ ಅಧಿಕಾರ ಹಸ್ತಾಂತರಕ್ಕೆ ಸಹಿ ಹಾಕಿದರು.

ದೇಶ ಸ್ವತಂತ್ರವಾಗುವವರೆಗೆ ವಿವಾಹವಾಗುವುದಿಲ್ಲವೆಂದು ನಿರ್ಧರಿಸಿದ್ದ ಹಟ್ಟಾ ಅವರು 43ನೆಯ ವಯಸ್ಸಿನಲ್ಲಿ ರಹ್ಮಿ ಅವರನ್ನು ನಿಕಾಹ್ ಮಾಡಿಕೊಂಡರು. ವಧುವಿಗೆ ಕೊಟ್ಟ ಮೆಹರ್ ತಾವೇ ಬರೆದ ಗ್ರೀಕ್ ತತ್ವಶಾಸ್ತ್ರದ ಪುಸ್ತಕ. ಬಡವರ ಉದ್ಧಾರಕ್ಕೆ ಸಹಕಾರಿ ಸಂಘಗಳೇ ದಾರಿ ಎಂದು ನಂಬಿ ದುಡಿದರು. ಸುಕರ್ಣೋ ಜೊತೆ ಭಿನ್ನಾಭಿಪ್ರಾಯ ಬೆಳೆದಾಗ 1956ರ ಡಿಸೆಂಬರ್ 1ರಂದು ಅಧಿಕಾರ ತ್ಯಜಿಸಿದರು. 1980ರ ಮಾರ್ಚ್ 14ರಂದು ನಿಧನರಾದ ಅವರನ್ನು ಅವರ ಇಚ್ಛೆಯಂತೆ ವೀರರ ಸ್ಮಶಾನದಲ್ಲಿ ಅಲ್ಲ, ಜನಸಾಮಾನ್ಯರ ಕಬರಸ್ತಾನದಲ್ಲಿ ದಫನ ಮಾಡಲಾಯಿತು.

ಎಸ್ಸೆಸ್ಸೆಲ್ಸಿ ಆದೊಡನೆ ಓದು ಬಿಟ್ಟು ಗ್ಯಾರೇಜು, ಅಂಗಡಿ ಸೇರುವ ಹುಡುಗರು ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಇದ್ದಾರೆ. ಓದಿ ಏನು ಪ್ರಯೋಜನ, ಅವಕಾಶವೇ ಇಲ್ಲವಲ್ಲ ಎಂದು ಅವರ ತಂದೆತಾಯಿಗಳು ಕೇಳುತ್ತಾರೆ. ಡಿಗುಲ್ ಕಾಡಿನಲ್ಲಿ ಪುಸ್ತಕದ ಪೆಟ್ಟಿಗೆ ತೆರೆದು ಪಾಠ ಆರಂಭಿಸಿದಾಗ ಹಟ್ಟಾ ಅವರ ಮುಂದೆಯೂ ಯಾವ ಅವಕಾಶ ಇರಲಿಲ್ಲ. ಅದು ಬಂದದ್ದು ಹತ್ತು ವರ್ಷಗಳ ನಂತರ, ಆಗ ಅವರು ಸಿದ್ಧರಿದ್ದರು. ನಮ್ಮ ಮಕ್ಕಳನ್ನೂ ಹಾಗೆ ಸಿದ್ಧಗೊಳಿಸುವ ಹೊಣೆ ಪೋಷಕರದು, ಶಿಕ್ಷಕರದು ಮತ್ತು ಇಂಥ ಸಂಸ್ಥೆಗಳದು.