ರಾಜಾ ರಾಮಣ್ಣ: ಸ್ಫೋಟದಾಚೆಯ ವಿಜ್ಞಾನಿ

ರಾಜಾ ರಾಮಣ್ಣನವರ ಹೆಸರು ಕೇಳಿದೊಡನೆ ಬಹುಮಂದಿಗೆ ನೆನಪಾಗುವುದು 1974ರ ಮೇ 18ರಂದು ಪೋಖರಣದಲ್ಲಿ ನಡೆದ ಅಣುಸ್ಫೋಟ. ಆ ಒಂದು ಬೆಳಗು ಅವರ ಉಳಿದ ಬದುಕನ್ನು ಮರೆಗೆ ಸರಿಸಿಬಿಟ್ಟಿತು. ಇದು ಅವರಿಗಾದ ಅನ್ಯಾಯವೆಂದೇ ಹೇಳಬೇಕು. ಅವರ ವಿಜ್ಞಾನದ ಮೂಲಪ್ರಶ್ನೆ ಬೇರೆಯದಾಗಿತ್ತು.

1925ರ ಜನವರಿ 28ರಂದು ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಅವರು ಜನಿಸಿದರು. ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದವರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಮದರಾಸಿನ ಕ್ರಿಶ್ಚಿಯನ್ ಕಾಲೇಜು, ಲಂಡನ್ನಿನ ಕಿಂಗ್ಸ್ ಕಾಲೇಜು ಅವರ ವಿದ್ಯಾಭ್ಯಾಸದ ಮೆಟ್ಟಿಲುಗಳು. ಬಾಲ್ಯದಿಂದಲೇ ಪಿಯಾನೊ ಒಲಿದಿತ್ತು. ಹೋಮಿ ಭಾಭಾ ಅವರ ಪರಿಚಯವಾದದ್ದೂ ಸಂಗೀತದ ನೆವದಿಂದಲೇ. 1949ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಮಲಾಡ್ ಮುಂತಾದ ಪಡುವಣ ಉಪನಗರಗಳಿಂದ ಬಹುದೂರ, ಮೂಡಣದ ಕೊಲ್ಲಿಯಂಚಿನ ಟ್ರಾಂಬೆ ಮುಂದೆ ಅವರ ಕರ್ಮಭೂಮಿಯಾಯಿತು.

1956ರ ಆಗಸ್ಟ್ 4ರಂದು ಅಲ್ಲಿ ಅಪ್ಸರಾ ರಿಯಾಕ್ಟರು ಕ್ರಿಯಾಶೀಲವಾಯಿತು. ಯುರೇನಿಯಂ ಬೀಜ ಒಡೆದಾಗ ಎರಡು ತುಣುಕುಗಳು ಸಿಡಿಯುತ್ತವೆ. ಅವುಗಳ ಒಟ್ಟು ಚಲನಶಕ್ತಿ ಸುಮಾರು 170 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಬೀಜ ಹೀಗೇಕೆ ಅಸಮನಾಗಿ ಒಡೆಯುತ್ತದೆ ಎಂಬುದನ್ನು ರಾಮಣ್ಣ ವರ್ಷಗಟ್ಟಲೆ ಶೋಧಿಸಿದರು. ಬೇರ್ಪಡುವ ಮುನ್ನ ಎರಡು ಭಾಗಗಳ ನಡುವೆ ಕಣಗಳ ಕೊಳುಕೊಡೆ ಯಾದೃಚ್ಛಿಕವಾಗಿ ನಡೆಯುತ್ತದೆಂಬ ಸಿದ್ಧಾಂತವನ್ನು 1960ರ ದಶಕದಲ್ಲಿ ಸಹೋದ್ಯೋಗಿಗಳೊಡನೆ ಮಂಡಿಸಿದರು.

ಆ ತುಣುಕುಗಳು ವಾಸ್ತವವಾಗಿ ವೇಗದ ಭಾರ ಅಯಾನುಗಳೇ. ಘನವಸ್ತುವಿನೊಳಗೆ ಅವು ಸಾಗುವುದು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ದೂರ ಮಾತ್ರ. ಆದರೆ ಅಷ್ಟರಲ್ಲೇ ದಾರಿಯುದ್ದಕ್ಕೂ ಪರಮಾಣುಗಳ ನೆಲೆ ತಪ್ಪಿಸಿಬಿಡುತ್ತವೆ. ವೇಗವರ್ಧಕದಿಂದ ಬಂದ ಅಯಾನು ಲೋಹದ ಆಕ್ಸೈಡಿನ ತೆಳುಪೊರೆಯನ್ನು ಹೊಕ್ಕಾಗ ನಡೆಯುವುದೂ ಇದೇ. ಆಮ್ಲಜನಕದ ಪರಮಾಣು ಕಿತ್ತುಬಂದ ಕಡೆ ಖಾಲಿಜಾಗ ಉಳಿಯುತ್ತದೆ. ಸತುವಿನ ಅಥವಾ ತವರದ ಆಕ್ಸೈಡಿನಲ್ಲಿ ಅಂಥ ಖಾಲಿಜಾಗಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಬಲ್ಲವಾದುದರಿಂದ ಪೊರೆಯ ವಿದ್ಯುದ್ವಾಹಕತೆ ಏರಬಹುದು. ಅಯಾನುಗಳ ಪ್ರಮಾಣ ಮಿತಿಮೀರಿದರೆ ಅವ್ಯವಸ್ಥೆಯೇ ಎಲೆಕ್ಟ್ರಾನುಗಳನ್ನು ಹಿಡಿದು ನಿಲ್ಲಿಸಿ ವಾಹಕತೆ ಕುಗ್ಗುವುದೂ ಉಂಟು. ಗಾಳಿಯಲ್ಲಿ ಕಾಯಿಸಿದರೆ ಆಮ್ಲಜನಕ ಮರಳಿ ಸೇರಿ ಪೊರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಕೆಡಿಸುವುದು ಎಲ್ಲಿ ಮುಗಿದು ತಿದ್ದುವುದು ಎಲ್ಲಿ ಮೊದಲಾಗುತ್ತದೆಂಬುದು ಇಲ್ಲಿ ಪ್ರಮಾಣಕ್ಕೆ ಬಿಟ್ಟ ವಿಚಾರ.

ಇಂಥ ಪೊರೆಗಳನ್ನು ರಾಮಣ್ಣ ಸ್ವತಃ ಅಧ್ಯಯನ ಮಾಡಿದವರಲ್ಲ. ಆದರೆ ಆ ಅಧ್ಯಯನಕ್ಕೆ ಬೇಕಾದ ಯಂತ್ರಗಳನ್ನು ದೇಶದಲ್ಲೇ ಕಟ್ಟುವ ಛಲ ಅವರದಾಗಿತ್ತು. 1957ರಲ್ಲಿ ಆರಂಭವಾದ ಟ್ರಾಂಬೆಯ ತರಬೇತಿ ಶಾಲೆಯನ್ನು ಬೆಳೆಸಿದರು. 1977ರಲ್ಲಿ ಕಿರಣ ಹೊಮ್ಮಿಸಿದ ಕಲ್ಕತ್ತೆಯ ಸೈಕ್ಲೊಟ್ರಾನಿಗೆ ಬೆಂಬಲವಾಗಿ ನಿಂತರು. ವೇಗವರ್ಧಕಗಳಿಗೂ ಲೇಸರಿಗೂ ಮೀಸಲಾದ ಇಂದೂರಿನ ಕೇಂದ್ರ 1984ರಲ್ಲಿ ಆರಂಭವಾದಾಗ ಅಣುಶಕ್ತಿ ಆಯೋಗದ ಅಧ್ಯಕ್ಷರು ಅವರೇ. ಬಾಂಬಿನ ಹೊಗೆಯಲ್ಲಿ ಕಾಣದೆ ಹೋದದ್ದು ಈ ಕೆಲಸ. ಬಾಂಬನ್ನು ಒಪ್ಪದವರು ಅವರನ್ನು ಟೀಕಿಸಿದ್ದು ಸಹಜವೇ. ಆ ಹೊಣೆಯಿಂದ ಅವರನ್ನು ಬಿಡಿಸಬೇಕಾಗಿಯೂ ಇಲ್ಲ.

ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾದರು. 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ, 1997ರಿಂದ ರಾಜ್ಯಸಭಾ ಸದಸ್ಯರೂ ಆಗಿದ್ದರು. ರಾಗಪದ್ಧತಿಯನ್ನೂ ಪಾಶ್ಚಾತ್ಯ ಸಂಗೀತವನ್ನೂ ಹೋಲಿಸಿ ಗ್ರಂಥವೊಂದನ್ನು ಬರೆದರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ನಿಧನರಾದರು. ಮರುವರ್ಷ ಇಂದೂರಿನ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ಆ ಕೇಂದ್ರದ ನೆರವಿನಿಂದ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯದ ಮೈಕ್ರೊಟ್ರಾನ್ ಯಂತ್ರದಲ್ಲಿ, ಅಯಾನುಗಳ ಬದಲು ಎಲೆಕ್ಟ್ರಾನುಗಳನ್ನು ಹಾಯಿಸಿ ವಸ್ತುಗಳ ಗುಣ ಬದಲಾಗುವುದನ್ನು ಕನ್ನಡ ನಾಡಿನ ವಿದ್ಯಾರ್ಥಿಗಳು ಅಳೆದಿದ್ದಾರೆ.