ಒಲೆಯ ದೋಷವನ್ನು ತಿದ್ದಿದ ವಿಜ್ಞಾನಿ ಕೌಂಟ್ ರಮ್‌ಫರ್ಡ್

ರಜೆಯಲ್ಲಿ ಊರಿಗೆ ಹೋದಾಗ, ಸೌದೆಯ ಒಲೆಯ ಮುಂದೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅಜ್ಜಿಯನ್ನು ನಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಸೌದೆ ಉರಿದು ಬೂದಿಯಾಗುತ್ತದೆ, ಹೊಗೆ ಮನೆಯನ್ನೆಲ್ಲ ತುಂಬುತ್ತದೆ. ಆದರೆ ಪಾತ್ರೆಯೊಳಗಿನ ಬೇಳೆ ಮಾತ್ರ ಬೇಯುವುದಿಲ್ಲ. ನಗರದ ಮನೆಗಳಿಗೆ ಗ್ಯಾಸಿನ ಒಲೆಯೂ ವಿದ್ಯುತ್ತಿನ ಓವನ್ನೂ ಬಂದಿವೆ. ತೊಂದರೆಗಳು ರೂಪವನ್ನು ಬದಲಿಸಿವೆಯೇ ಹೊರತು ತೀರಿಹೋಗಿಲ್ಲ. ಕೇಕಿನ ಮೇಲ್ಭಾಗ ಸೀದು ಕಪ್ಪಾಗುತ್ತದೆ, ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಒಲೆ ಸರಿಯಿಲ್ಲವೆಂದು ಬಯ್ಯುವುದು ಸುಲಭ. ದೋಷವು ಎಲ್ಲಿದೆಯೆಂದು ಹುಡುಕುವುದು ಕಷ್ಟ. ಈ ಹುಡುಕಾಟವನ್ನೇ ಒಂದು ಶಾಸ್ತ್ರವನ್ನಾಗಿ ಮಾಡಿ, ಅದರ ಮೂಲಕ ಶಾಖದ ಸ್ವರೂಪವನ್ನೇ ಕಂಡುಕೊಂಡವನೊಬ್ಬನಿದ್ದನು. ಅವನೇ ಬೆಂಜಮಿನ್ ಥಾಮ್ಸನ್; ಲೋಕವು ಅವನನ್ನು ಕೌಂಟ್ ರಮ್‌ಫರ್ಡ್ ಎಂಬ ಹೆಸರಿನಿಂದ ಬಲ್ಲದು.

ಥಾಮ್ಸನ್ನನು 1753ನೆಯ ಇಸವಿ ಮಾರ್ಚ್ 26ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೋಬರ್ನ್ ಎಂಬ ಊರಿನಲ್ಲಿ ಜನಿಸಿದನು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡನು. ಹದಿಮೂರನೆಯ ವಯಸ್ಸಿನಲ್ಲಿ ಹುಡುಗನು ಸೇಲಂ ಪಟ್ಟಣದ ವರ್ತಕನೊಬ್ಬನ ಅಂಗಡಿಗೆ ಕೆಲಸ ಕಲಿಯಲು ಸೇರಿದನು. ಅವನ ಮನಸ್ಸು ಲೆಕ್ಕದ ಪುಸ್ತಕಕ್ಕಿಂತ ಯಂತ್ರಗಳ ಕಡೆಗೂ ಮದ್ದುಗುಂಡಿನ ಕಡೆಗೂ ಹರಿಯುತ್ತಿತ್ತು. 1766ರಲ್ಲಿ ಬಾಣಬಿರುಸನ್ನು ತಯಾರಿಸುತ್ತಿದ್ದಾಗ ಮದ್ದು ಸಿಡಿದು ಮೈಯೆಲ್ಲ ಸುಟ್ಟುಕೊಂಡನು. ಆದರೂ ಕುತೂಹಲವು ಸುಟ್ಟುಹೋಗಲಿಲ್ಲ. ಮುಂದೆ ಗೆಳೆಯನೊಡನೆ ಹಲವು ಮೈಲಿ ನಡೆದು ಹೋಗಿ, ಹಾರ್ವರ್ಡ್ ಕಾಲೇಜಿನಲ್ಲಿ ನಡೆಯುತ್ತಿದ್ದ ವಿಜ್ಞಾನದ ಉಪನ್ಯಾಸಗಳನ್ನು ಕೇಳಿ ಬರುತ್ತಿದ್ದನು.

1772ರಲ್ಲಿ, ಹಿಂದೆ ರಮ್‌ಫರ್ಡ್ ಎಂಬ ಹೆಸರಿದ್ದ ಕಾನ್ಕರ್ಡ್ ಎಂಬ ಊರಿನಲ್ಲಿ ಉಪಾಧ್ಯಾಯನಾದನು. ಅಲ್ಲಿಯೇ ತನಗಿಂತ ಬಹಳ ಹಿರಿಯಳಾದ ಸಾರಾ ರೋಲ್ಫ್ ಎಂಬ ಶ್ರೀಮಂತ ವಿಧವೆಯನ್ನು ವಿವಾಹವಾದನು. 1774ರಲ್ಲಿ ಮಗಳೊಬ್ಬಳು ಹುಟ್ಟಿದಳು. ಅಷ್ಟರಲ್ಲಿ ಅಮೆರಿಕದ ಜನರು ಬ್ರಿಟಿಷರ ಆಳ್ವಿಕೆಯ ವಿರುದ್ಧ ಏಳತೊಡಗಿದ್ದರು. ಥಾಮ್ಸನ್ನನು ರಾಜಪಕ್ಷವನ್ನು ಹಿಡಿದನು. ಊರಿನವರ ಕೋಪಕ್ಕೆ ಹೆದರಿ, ಹೆಂಡತಿ ಮಗಳನ್ನು ಬಿಟ್ಟು ಓಡಿಹೋದನು. ಆ ಹೆಂಡತಿಯನ್ನು ಮತ್ತೆಂದೂ ಕಾಣಲಿಲ್ಲ. 1775ರಲ್ಲಿ ಕಣ್ಣಿಗೆ ಕಾಣದ ಶಾಯಿಯಿಂದ ಬರೆದು ಬ್ರಿಟಿಷ್ ಸೇನೆಗೆ ಗುಪ್ತ ಸಮಾಚಾರವನ್ನು ಕಳುಹಿಸಿದವನು ಇವನೇ ಎಂದು ಚರಿತ್ರಕಾರರು ನಿರ್ಧರಿಸಿದ್ದಾರೆ. ಮಹಾಪುರುಷರ ಬಾಳಿನಲ್ಲಿಯೂ ಇಂತಹ ಕಲೆಗಳಿರುತ್ತವೆ. ಅವನ್ನು ಮುಚ್ಚಿಡುವುದು ಚರಿತ್ರೆಯ ಧರ್ಮವಲ್ಲ.

1776ರಲ್ಲಿ ಲಂಡನ್ನಿಗೆ ಹೋದ ಥಾಮ್ಸನ್ನನು ಸರ್ಕಾರದ ಕೆಲಸದಲ್ಲಿ ಬೇಗನೆ ಮೇಲೇರಿದನು. ಮದ್ದಿನ ಬಲವನ್ನು ಅಳೆಯುವ ಪ್ರಯೋಗಗಳಿಂದ ಹೆಸರು ಪಡೆದು 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. 1784ರಲ್ಲಿ ಬವೇರಿಯ ದೇಶದ ದೊರೆ ಕಾರ್ಲ್ ಥಿಯೋಡರನ ಸೇವೆಗೆ ಸೇರಿ ಮ್ಯೂನಿಕ್ ನಗರದಲ್ಲಿ ನೆಲಸಿದನು. ಆ ನಗರದ ಬೀದಿಗಳು ಭಿಕ್ಷುಕರಿಂದ ತುಂಬಿದ್ದವು. 1790ನೆಯ ಇಸವಿ ಜನವರಿ 1ರಂದು ಅವನು ಸೇನಾಧಿಕಾರಿಗಳನ್ನು ಕರೆದುಕೊಂಡು ಹೊರಟು ಭಿಕ್ಷುಕರನ್ನೆಲ್ಲ ಒಟ್ಟುಗೂಡಿಸಿದನು. ಅವರಿಗೆ ಸೆರೆಮನೆಯ ಬದಲು ಬೆಚ್ಚನೆಯ ಕೋಣೆ, ಹೊಟ್ಟೆ ತುಂಬ ಬಿಸಿಯೂಟ, ನೂಲುವ ಕೆಲಸ, ಅದಕ್ಕೆ ಕೂಲಿ ದೊರಕುವಂತೆ ಏರ್ಪಡಿಸಿದನು. ಬಡವರನ್ನು ಮೊದಲು ಸದ್ಗುಣಿಗಳನ್ನಾಗಿ ಮಾಡಿ ಆಮೇಲೆ ಸುಖಪಡಿಸಬೇಕೆಂಬುದು ಅಂದಿನವರ ನಂಬಿಕೆ. ಮೊದಲು ಸುಖಪಡಿಸಿದರೆ ಸದ್ಗುಣವು ತಾನಾಗಿ ಬರುವುದೆಂದು ಅವನು ಬಗೆದನು.

ಸುಮಾರು ಸಾವಿರ ಜನರಿಗೆ ದಿನವೂ ಅಡಿಗೆಯಾಗಬೇಕು. ಖರ್ಚು ಮಾತ್ರ ಮಿತವಾಗಿರಬೇಕು. ಬಾರ್ಲಿ, ಬಟಾಣಿ, ಆಲೂಗಡ್ಡೆಗಳನ್ನು ಬಹಳ ಹೊತ್ತು ಬೇಯಿಸಿ ಅವನು ಒಂದು ಗಂಜಿಯನ್ನು ಮಾಡಿಸಿದನು. ಆಲೂಗಡ್ಡೆಯೆಂದರೆ ಅಲ್ಲಿಯ ಜನರಿಗೆ ಶಂಕೆ. ಆದುದರಿಂದ ಮೊದಮೊದಲು ಅದನ್ನು ಗುರುತೇ ಸಿಗದಂತೆ ಕರಗಿಸಿ ಬಡಿಸಬೇಕಾಯಿತು. ಆಹಾರಕ್ಕಿಂತ ದೊಡ್ಡ ಸಮಸ್ಯೆ ಸೌದೆಯದು. ಅಂದಿನ ಅಡಿಗೆಯ ಮನೆಗಳಲ್ಲಿ ಬೆಂಕಿ ತೆರೆದ ಜಾಗದಲ್ಲಿ ಉರಿಯುತ್ತಿತ್ತು. ಶಾಖದ ಬಹುಭಾಗ ಪಾತ್ರೆಯನ್ನು ಮುಟ್ಟದೆ ಹೊಗೆಗೂಡಿನ ಮೂಲಕ ಆಕಾಶಕ್ಕೆ ಹೋಗುತ್ತಿತ್ತು, ಅಡಿಗೆಯವರು ಬೆಂದುಹೋಗುತ್ತಿದ್ದರು. ರಮ್‌ಫರ್ಡನು ಇಟ್ಟಿಗೆಯ ಮುಚ್ಚಿದ ಒಲೆಗಳನ್ನು ಕಟ್ಟಿಸಿದನು. ಒಂದೊಂದು ಪಾತ್ರೆಯೂ ತನ್ನದೇ ಕುಳಿಯಲ್ಲಿ ಇಳಿದು ಕೂಡುವಂತೆ, ಪ್ರತಿಯೊಂದರ ಕೆಳಗೂ ಪ್ರತ್ಯೇಕವಾದ ಚಿಕ್ಕ ಬೆಂಕಿ ಉರಿಯುವಂತೆ ಮಾಡಿದನು. ಒಳಗೆ ಹೋಗುವ ಗಾಳಿಯನ್ನು ಹೆಚ್ಚುಕಡಮೆ ಮಾಡಲು ಪುಟ್ಟ ಬಾಗಿಲುಗಳನ್ನಿಟ್ಟನು. ರೊಟ್ಟಿಯನ್ನೂ ಮಾಂಸವನ್ನೂ ಬೇಯಿಸಲು ತಗಡಿನ ಪೆಟ್ಟಿಗೆಯೊಂದನ್ನು ರಚಿಸಿ, ಅದರೊಳಗೆ ಬಿಸಿಗಾಳಿ ಹಾಯುವಂತೆ ಕೊಳವೆಗಳನ್ನು ಜೋಡಿಸಿದನು. ಇಂದಿನ ಓವನ್ನುಗಳ ಹಿರಿಯರಲ್ಲಿ ಅದೂ ಒಂದು.

ಸಾಮಾನ್ಯರು ಕಡೆಗಣಿಸುವ ಸಣ್ಣ ಸಂಗತಿಗಳೇ ಅವನಿಗೆ ಪಾಠವಾಗುತ್ತಿದ್ದವು. ಒಮ್ಮೆ ಆಲೂಗಡ್ಡೆ ಒಣಗಿಸುವ ಪೆಟ್ಟಿಗೆಯಲ್ಲಿ ಮಾಂಸವನ್ನಿಟ್ಟು ಮೂರು ಗಂಟೆ ಕಾದರೂ ಅದು ಬೇಯಲಿಲ್ಲ. ಪ್ರಯೋಗ ಕೆಟ್ಟಿತೆಂದು ಅದನ್ನು ಅಡಿಗೆಯ ಹೆಂಗಸರಿಗೆ ಬಿಟ್ಟು ಹೋದನು. ಅವರು ಅದನ್ನು ರಾತ್ರಿಯೆಲ್ಲ ಅಲ್ಲಿಯೇ ಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಅದು ಬಹಳ ಮೃದುವಾಗಿ ಬೆಂದಿತ್ತು. ಅಡಿಗೆಗೆ ಭುಗಿಲೆನ್ನುವ ಉರಿಯೇ ಬೇಕಾಗಿಲ್ಲ, ಮಂದವಾದ ಶಾಖವೂ ಸಾಕಷ್ಟು ಕಾಲವೂ ಸಾಕು ಎಂಬುದನ್ನು ಅವನು ಇದರಿಂದ ಕಲಿತನು.

ಬವೇರಿಯದ ಸೇವೆಗಾಗಿ ಕೌಂಟ್ ಪದವಿ ದೊರೆತಾಗ, ತಾನು ಪಾಠ ಹೇಳಿದ ಊರಿನ ಹಳೆಯ ಹೆಸರನ್ನೇ ಅವನು ಆರಿಸಿಕೊಂಡನು. 1795ರಲ್ಲಿ ಲಂಡನ್ನಿಗೆ ಮರಳಿದಾಗ ಆ ನಗರದ ಅಗ್ಗಿಷ್ಟಿಕೆಗಳು ಅವನ ಕಣ್ಣಿಗೆ ಬಿದ್ದವು. ಅವುಗಳ ಹೊಗೆಗೂಡಿನ ಕಂಠ ಬಹಳ ಅಗಲ. ಹೊಗೆಯ ಜೊತೆಗೆ ಕೋಣೆಯ ಬೆಚ್ಚನೆಯ ಗಾಳಿಯೂ ಹೊರಟುಹೋಗುತ್ತಿತ್ತು, ಕಿಟಕಿ ಬಾಗಿಲುಗಳ ಸಂದಿನಿಂದ ಚಳಿಗಾಳಿ ನುಗ್ಗುತ್ತಿತ್ತು, ಹೊಗೆಯೂ ಹಿಂದಕ್ಕೆ ಸುರುಳಿಸುತ್ತಿತ್ತು. ರಮ್‌ಫರ್ಡನು ಆ ಕಂಠವನ್ನು ಸುಮಾರು 4 ಅಂಗುಲಕ್ಕೆ ಕಿರಿದು ಮಾಡಿಸಿದನು. ಹಿಂಗೋಡೆಯನ್ನು ಮುಂದಕ್ಕೆ ತಂದು, ಪಕ್ಕದ ಗೋಡೆಗಳನ್ನು ಅದಕ್ಕೆ 135 ಅಂಶಗಳ ಕೋನದಲ್ಲಿ ಓರೆಯಾಗಿ ನಿಲ್ಲಿಸಿದನು. ಶಾಖವು ಕೋಣೆಯತ್ತ ತಿರುಗಿತು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಬೇಕಾದುದು ಕೆಲವು ಇಟ್ಟಿಗೆ, ಸ್ವಲ್ಪ ಗಾರೆ, ಒಬ್ಬ ಗಾರೆಯವನು. ನೂರಾರು ಮನೆಗಳಲ್ಲಿ ಈ ತಿದ್ದುಪಡಿ ನಡೆಯಿತು. ಅವನು ಇದಕ್ಕೆ ಪೇಟೆಂಟ್ ಹಕ್ಕನ್ನು ಪಡೆಯದೆ, ಬರೆದು ಪ್ರಕಟಿಸಿ ಎಲ್ಲರಿಗೂ ಬಿಟ್ಟುಕೊಟ್ಟನು.

ಶಾಖವೆಂಬುದು ಪದಾರ್ಥಗಳೊಳಗೆ ಅಡಗಿರುವ ಒಂದು ಸೂಕ್ಷ್ಮ ದ್ರವವೆಂದು ಆಗಿನ ಬಹುಮಂದಿ ಪಂಡಿತರು ನಂಬಿದ್ದರು. ಮ್ಯೂನಿಕ್ಕಿನ ಆಯುಧಶಾಲೆಯಲ್ಲಿ ಫಿರಂಗಿಯನ್ನು ಕೊರೆಯುವಾಗ ಲೋಹವು ಅತಿಯಾಗಿ ಕಾಯುವುದನ್ನು ರಮ್‌ಫರ್ಡನು ಗಮನಿಸಿದನು. ಮೊಂಡಾದ ಬೈರಿಗೆಯನ್ನು ಒತ್ತಿಟ್ಟು, ಲೋಹವನ್ನು ನೀರು ತುಂಬಿದ ಪೆಟ್ಟಿಗೆಯಲ್ಲಿ ಮುಳುಗಿಸಿ, ಕುದುರೆಗಳಿಂದ ಯಂತ್ರವನ್ನು ತಿರುಗಿಸಿದನು. ಎರಡೂವರೆ ಗಂಟೆಯಲ್ಲಿ ಬೆಂಕಿಯಿಲ್ಲದೆಯೇ ನೀರು ಕುದಿಯಿತು, ನೋಡುತ್ತಿದ್ದವರು ಬೆರಗಾದರು. ತಿಕ್ಕಿದಷ್ಟೂ ಕೊನೆಯಿಲ್ಲದೆ ಬರುವ ಶಾಖವು ದ್ರವವಾಗಿರಲಾರದು, ಅದು ಚಲನೆಯ ರೂಪವೇ ಇರಬೇಕು ಎಂದು 1798ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದನು. ಪಂಡಿತಲೋಕವು ಇದನ್ನು ಒಪ್ಪಲು ಇನ್ನೂ ಅರ್ಧ ಶತಮಾನ ಬೇಕಾಯಿತು.

1799ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸ್ಥಾಪನೆಗೆ ಅವನೇ ಮುಂದಾದನು. ಡೇವಿ, ಫ್ಯಾರಡೆಯರು ಕೆಲಸ ಮಾಡಿದ್ದು ಅಲ್ಲಿಯೇ. 1897ರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಸೂಕ್ಷ್ಮ ವಿದ್ಯುತ್ತರಂಗಗಳ ಬಗ್ಗೆ ಉಪನ್ಯಾಸವಿತ್ತದ್ದೂ ಅಲ್ಲಿಯೇ. ಅದೇ ಜಾತಿಯ ತರಂಗಗಳು ಇಂದು ಮೈಕ್ರೋವೇವ್ ಓವನ್ನಿನಲ್ಲಿ ಆಹಾರದೊಳಗಿನ ನೀರಿನ ಕಣಗಳನ್ನು ಅಲುಗಾಡಿಸಿ ಬಿಸಿಮಾಡುತ್ತವೆ. ಶಾಖವೆಂದರೆ ಚಲನೆಯೆಂಬ ಮಾತಿಗೆ ಅಡಿಗೆಯ ಮನೆಯಲ್ಲಿಯೇ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಮನೆಯ ಒಲೆಗಳನ್ನೆಲ್ಲ ತಿದ್ದಿದವನಿಗೆ ತನ್ನ ಮನೆಯ ಶಾಂತಿಯನ್ನು ಕಾಯ್ದುಕೊಳ್ಳಲಾಗಲಿಲ್ಲ. 1805ರಲ್ಲಿ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಲಾವಾಸಿಯೆಯ ವಿಧವೆಯನ್ನು ಪ್ಯಾರಿಸಿನಲ್ಲಿ ವಿವಾಹವಾದನು. ಆಕೆಗೆ ಅತಿಥಿಗಳು ಪ್ರಿಯ, ಅವನಿಗೆ ಏಕಾಂತ ಪ್ರಿಯ. ಅವನು ಒಮ್ಮೆ ಅತಿಥಿಗಳು ಬಾರದಂತೆ ಬಾಗಿಲಿಗೆ ಬೀಗ ಹಾಕಿಸಿದಾಗ, ಆಕೆ ಅವನ ಹೂಗಿಡಗಳ ಮೇಲೆ ಕುದಿಯುವ ನೀರನ್ನು ಸುರಿದಳಂತೆ. 1809ರಲ್ಲಿ ಅವರು ಬೇರೆಯಾದರು. 1814ನೆಯ ಇಸವಿ ಆಗಸ್ಟ್ 21ರಂದು ಪ್ಯಾರಿಸಿನ ಬಳಿಯ ಓತೈ ಎಂಬಲ್ಲಿ ರಮ್‌ಫರ್ಡನು ಕಾಲವಾದನು.

ವಿದ್ಯಾರ್ಥಿಮಿತ್ರರೇ, ಈ ಜೀವನದಿಂದ ನಾವು ಕಲಿಯಬೇಕಾದುದೇನು? ಮನೆಯ ಓವನ್ನು ಸರಿಯಾಗಿ ಬೇಯಿಸದಿದ್ದರೆ, ಶಾಖವು ಎಲ್ಲಿಂದ ಸೋರುತ್ತಿದೆಯೆಂದು ಮೊದಲು ನೋಡಿರಿ. ಬಾಗಿಲಿನ ರಬ್ಬರ್ ಪಟ್ಟಿ ಸಡಿಲವಾಗಿರಬಹುದು. ಗುಂಡಿಯ ಮೇಲಿನ ಅಂಕಿಯೂ ಒಳಗಿನ ಶಾಖವೂ ಬೇರೆಯಾಗಿರಬಹುದು, ಉಷ್ಣಮಾಪಕವಿಟ್ಟರೆ ತಿಳಿಯುತ್ತದೆ. ಮೈಕ್ರೋವೇವಿನ ತರಂಗಗಳು ಆಹಾರದೊಳಕ್ಕೆ ಕೆಲವೇ ಸೆಂಟಿಮೀಟರು ಇಳಿಯುವುದರಿಂದ ನಡುಭಾಗ ತಣ್ಣಗೆ ಉಳಿಯುತ್ತದೆ. ನಡುವೆ ಒಮ್ಮೆ ಕಲಕಿ, ಕೆಲವು ನಿಮಿಷ ಬಿಡುವುದೇ ಅದಕ್ಕೆ ಪರಿಹಾರ. ಆದರೆ ಅದರ ಹೊರಕವಚವನ್ನು ಎಂದೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರೊಳಗೆ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಅದು ಬಲ್ಲವರ ಕೆಲಸ.

ರಮ್‌ಫರ್ಡನ ಚಾರಿತ್ರ್ಯವೆಲ್ಲ ಅನುಕರಣೀಯವಲ್ಲ. ಆದರೆ ಹೊಗೆಯಿಂದ ಕಣ್ಣು ಉರಿದಾಗ ಅವನು ಕಣ್ಣನ್ನು ಮುಚ್ಚಿಕೊಳ್ಳಲಿಲ್ಲ. ಇನ್ನಷ್ಟು ತೆರೆದು ನೋಡಿದನು. ಅಡಿಗೆಯ ಮನೆಯನ್ನು ಕೀಳೆಂದು ಬಗೆಯದ ಆ ದೃಷ್ಟಿ ನಮ್ಮದಾಗಲಿ.